ಹನ್ನೊಂದು ತಿಂಗಳ ಕಡುಹಸಿರು

ಮಲಗುವ ಕೋಣೆಯ ಗೋಡೆಗೆ ಕಡುಹಸಿರು ಬಣ್ಣ ಬಳಿಸಿ ಹನ್ನೊಂದು ತಿಂಗಳಾಯಿತು. ಮೊದಲು ಅಂಕ ಕೊಟ್ಟುಬಿಡುತ್ತೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಲ್ಲಿಂದಲೇ ಎದ್ದು ಹೋಗಬಹುದು. ಬಣ್ಣಕ್ಕೆ 5ರಲ್ಲಿ 4.5. ನಾನು ಆರಿಸಿದ ಫಿನಿಶ್‌ಗೆ, ಅಂದರೆ ಬಣ್ಣದ ಹೊಳಪಿನ ಮಟ್ಟಕ್ಕೆ, 2. ಆ 2 ಅಂಕವೂ ಜಾಸ್ತಿಯಾಯಿತು ಅನ್ನುತ್ತಾಳೆ ನನ್ನ ಹೆಂಡತಿ. ಕಂಪನಿ ಯಾವುದು ಅಂತ ಬರೆಯುವುದಿಲ್ಲ. ಒಳ್ಳೆಯದೂ ಕೆಟ್ಟದ್ದೂ ಮುಕ್ಕಾಲು ಪಾಲು ಎಲ್ಲ ಕಂಪನಿಗಳ ಕಡುಬಣ್ಣಕ್ಕೂ ಹೊಂದುವಂಥದ್ದೇ.

ನಾನು ಹಗಲು ಮಲಗುವವನು. ಲ್ಯಾಬ್‌ನಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಆರೂವರೆಗೆ ಮನೆ ಸೇರುತ್ತೇನೆ. ಹೆಂಡತಿ ಟೀಚರ್. ಅವಳು ರಾತ್ರಿ ಹತ್ತಕ್ಕೆ ಮಲಗಿ ಬೆಳಗ್ಗೆ ಆರಕ್ಕೆ ಏಳುತ್ತಾಳೆ. ಮಲಗುವ ಕೋಣೆ ಒಂದೇ, ಇಬ್ಬರ ಗಡಿಯಾರ ಬೇರೆ. ಆದ್ದರಿಂದ ಈ ವಿಮರ್ಶೆ ಒಂದು ಕೋಣೆಯದ್ದಾದರೂ ಎರಡು ಹೊತ್ತಿನದ್ದು.

ಗೋಡೆ ಬಿಳಿ ಇದ್ದ ಕಾಲದಲ್ಲಿ ನನ್ನ ನಿದ್ದೆ ಅಷ್ಟಕ್ಕಷ್ಟೇ. ದಪ್ಪ ಪರದೆ ಹಾಕಿದೆ. ಅದರ ಹಿಂದೆ ಇನ್ನೊಂದು ಪರದೆ ಹಾಕಿದೆ. ಆದರೂ ಬೆಳಗ್ಗೆ ಒಂಬತ್ತಕ್ಕೆ ಕೋಣೆ ತುಂಬಾ ಮಂಕು ಬೆಳಕು. ಪರದೆಯ ಬದಿಯಲ್ಲಿ ಇದ್ದದ್ದು ಬೆರಳಗಲದ ಒಂದು ಸಂದಿ, ಅಷ್ಟೇ. ಅಷ್ಟು ಸಣ್ಣ ಸಂದಿ ಇಡೀ ಕೋಣೆಯನ್ನು ಬೆಳಗುವುದು ಹೇಗೆ ಅಂತ ತಲೆಕೆಡಿಸಿಕೊಂಡಾಗಲೇ ನನಗೆ ಎಲ್‌ಆರ್‌ವಿ ಅನ್ನೋದು ಸಿಕ್ಕಿದ್ದು.

ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲನ್ನು ಬಣ್ಣ ವಾಪಸ್ ಕೊಡುತ್ತದೆ ಎಂಬ ಲೆಕ್ಕ ಅದು. ಗೋಡೆಗೆ ಬಳಿಯುವ ಬಿಳಿಗಳದ್ದು ಸಾಮಾನ್ಯವಾಗಿ 80ರ ಮೇಲೆ ಇರುತ್ತದೆ. ಕಡುಬಣ್ಣಗಳದ್ದು 10ರ ಆಚೀಚೆ. ಶೆರ್ವಿನ್ ವಿಲಿಯಮ್ಸ್ ಕಂಪನಿ 2020ಕ್ಕೆ ವರ್ಷದ ಬಣ್ಣ ಎಂದು ಆರಿಸಿದ ನೇವಲ್ ಎಂಬ ಕಡುನೀಲಿಯ ಎಲ್‌ಆರ್‌ವಿ 4. ಮರುವರ್ಷ ಆರಿಸಿದ ಅರ್ಬೇನ್ ಬ್ರಾಂಜ್ ಎಂಬ ಮಂಕು ಕಂದಿನದು 8. ನಮ್ಮ ಗೋಡೆಯ ಹಸಿರಿನದು 6.

ಈಗ ಲೆಕ್ಕ ಹಾಕಿ ನೋಡಿ. ಸಂದಿಯಿಂದ ನುಸುಳಿದ ಬೆಳಕನ್ನು 100 ಅಂತ ಇಟ್ಟುಕೊಳ್ಳಿ. ಬಿಳಿ ಗೋಡೆ ಅದರಲ್ಲಿ 80 ಪಾಲನ್ನು ಎದುರು ಗೋಡೆಗೆ ಎಸೆಯುತ್ತದೆ. ಆ ಗೋಡೆ 64 ವಾಪಸ್ ಎಸೆಯುತ್ತದೆ. ಮತ್ತೆ 51. ಚೆಂಡಾಟ ನಿಲ್ಲುವುದೇ ಇಲ್ಲ. ಅದೇ 6ರ ಗೋಡೆಯಾದರೆ ಮೊದಲ ಏಟಿಗೇ 94 ನುಂಗಿಬಿಡುತ್ತದೆ. ಎರಡನೇ ಏಟಿಗೆ ಉಳಿಯುವುದು ನೂರರಲ್ಲಿ ಒಂದರ ಅರ್ಧವೂ ಇಲ್ಲ. ಸಂದಿಯ ಗೆರೆ ಹಾಗೇ ಕಾಣುತ್ತದೆ, ಆದರೆ ಅದು ಗೆರೆಯಾಗಿಯೇ ಉಳಿಯುತ್ತದೆ. ಕೋಣೆ ಬೆಳಗುವುದಿಲ್ಲ. ಕತ್ತಲೆ ಮಾಡುವುದು ಪರದೆಯ ಕೆಲಸವೇ, ಅದರಲ್ಲಿ ಅನುಮಾನ ಬೇಡ. ಪರದೆ ಬಿಟ್ಟ ಚೂರುಪಾರನ್ನು ಗೋಡೆ ನೋಡಿಕೊಳ್ಳುತ್ತದೆ.

ಇಷ್ಟು ಗೊತ್ತಾದ ಮೇಲೆ ಶೇಡ್ ಕಾರ್ಡ್ ಹಿಡಿದು ಕೂತೆವು. ಕನ್ನಡದಲ್ಲಿ ಕಡು, ನಸು ಅಂತ ಎರಡು ಒಳ್ಳೆಯ ಪದಗಳಿವೆ. ಒಂದು ಬಣ್ಣದ ಹಿಂದೆ ಯಾವುದನ್ನು ಅಂಟಿಸಿದರೂ ಅರ್ಥವಾಗುತ್ತದೆ. ಶೇಡ್ ಕಾರ್ಡ್‌ನವರಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಮಧ್ಯರಾತ್ರಿಯ ಸಮುದ್ರ, ಮಂಜು ಮುಸುಕಿದ ಕಾಡು, ಮುಗಿಯದ ಸಂಜೆ, ಹೀಗೆ ಹೋಗುತ್ತದೆ ಹೆಸರು. ಹೆಸರು ನೋಡಿ ಮನಸೋತು ಒಂದು ಶೇಡ್‌ಗೆ ಗುರುತು ಹಾಕಿದ್ದೆ. ಹೆಸರು ಮುಚ್ಚಿ ನೋಡಿದರೆ ನೆನೆದ ಸಿಮೆಂಟು. ಆಮೇಲೆ ಹೆಸರಿನ ಮೇಲೆಲ್ಲ ಟೇಪ್ ಅಂಟಿಸಿ, ನಂಬರ್ ಮಾತ್ರ ಬಿಟ್ಟು ಆರಿಸಿದೆವು.

ಕೊನೆಗೆ ಮೂರು ಉಳಿದವು. ನನ್ನ ಆಯ್ಕೆ ಕಡುನೀಲಿ. ಹೆಂಡತಿಯದ್ದು ಕೆಂಪು ಬೆರೆತ ಕಂದು, ಹಳೆಯ ಮರದ ಪೆಟ್ಟಿಗೆಯಂಥ ಬಣ್ಣ. ಮಗಳು ಇಬ್ಬರಿಗೂ ಬೇಡವಾದ ಒಂದು ಹಸಿರಿನ ಮೇಲೆ ಬೆರಳಿಟ್ಟಳು. "ಅಪ್ಪಾ, ಇದು ನೋಡು, ಪಾಚಿ ಕಟ್ಟಿದ ಬಾವಿ ಥರ ಇದೆ" ಅಂದಳು. ಅದು ಹೊಗಳಿಕೆಯೋ ತೆಗಳಿಕೆಯೋ ಆಗ ತಿಳಿಯಲಿಲ್ಲ. ಕಾರ್ಡ್‌ನಲ್ಲಿ ಅದು ಕಪ್ಪೇ. ಹಸಿರು ಅಂತ ಹೇಳಬೇಕಾದರೆ ಕಿಟಕಿ ಹತ್ತಿರ ಹಿಡಿಯಬೇಕಿತ್ತು.

ಗೋಡೆ ಮೇಲೆ ಅಂಗೈಯಗಲ ಬಳಿದು ನೋಡುವುದು ಸಾಮಾನ್ಯ ಪದ್ಧತಿ. ನಾವೂ ಮಾಡಿದೆವು, ದಂಡವಾಯಿತು. ಸುತ್ತ ಬಿಳಿ ಇದ್ದರೆ ಯಾವ ಕಡುಬಣ್ಣವೂ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ಗೋಡೆಯಲ್ಲಿ ತೂತು ಕೊರೆದಂತಿತ್ತು. ಆಮೇಲೆ ದೊಡ್ಡ ರಟ್ಟುಗಳಿಗೆ ಎರಡೆರಡು ಕೋಟ್ ಬಳಿದು, ಪ್ರತಿ ಬಣ್ಣಕ್ಕೂ ಎರಡು ರಟ್ಟು ಮಾಡಿದೆ. ಎರಡನ್ನೂ ಮೂಲೆಯಲ್ಲಿ ಒಂದಕ್ಕೊಂದು ತಾಗಿಸಿ ನಿಲ್ಲಿಸಬೇಕು. ಕೋಣೆಯಲ್ಲಿ ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬೀಳುತ್ತದೆ, ಮೂಲೆ ಯಾವಾಗಲೂ ಒಂದು ಮೆಟ್ಟಿಲು ಗಾಢ. ಅದು ಒಂಟಿ ರಟ್ಟಿನಲ್ಲಿ ತಿಳಿಯುವುದೇ ಇಲ್ಲ. ಈ ರಟ್ಟುಗಳು ಹತ್ತು ದಿನ ಕೋಣೆಯೊಳಗೆ ಸುತ್ತಾಡಿದವು. ಹಾಸಿಗೆಯ ಹಿಂದೆ, ಬೀರುವಿನ ಪಕ್ಕ, ಕಿಟಕಿಯ ಎದುರು. ಒಂದು ದಿನ ನಾನು ಪಾಳಿ ಮುಗಿಸಿ ಬಂದು ಕತ್ತಲಲ್ಲಿ ನೀಲಿಯನ್ನು ಒದ್ದು ಬೀಳಿಸಿದೆ. ಅದರ ಮೂಲೆ ಮುದುಡಿದ್ದು ಹಾಗೆ.

ಆ ಹತ್ತು ದಿನ ವ್ಯರ್ಥವಾಗಲಿಲ್ಲ. ಹಗಲಿನಲ್ಲಿ ಮೂರೂ ಚೆನ್ನಾಗಿದ್ದವು. ಹಗಲಿನಲ್ಲಿ ಕೆಟ್ಟದಾಗಿ ಕಾಣುವ ಕಡುಬಣ್ಣವನ್ನು ನಾನಿನ್ನೂ ನೋಡಿಲ್ಲ, ಜನ ಮೋಸಹೋಗುವುದೇ ಅಲ್ಲಿ. ಸಂಜೆ ದೀಪ ಹಾಕಿದ ಮೇಲೆ ನನ್ನ ಕಡುನೀಲಿ ಸತ್ತುಹೋಯಿತು. ನಮ್ಮ ಹಾಸಿಗೆ ಪಕ್ಕದ ದೀಪ 2700 ಕೆಲ್ವಿನ್‌ನದ್ದು, ಹಳದಿ ಬೆಳಕು. ಹಳದಿ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ. ಬೆಳಕಿನಲ್ಲೇ ಇಲ್ಲದ್ದನ್ನು ಗೋಡೆ ಎಲ್ಲಿಂದ ವಾಪಸ್ ಕೊಡಬೇಕು? ಕಡುನೀಲಿ ಹೋಗಿ ಬರೀ ಮಸಿಯಾಯಿತು. ಹೆಂಡತಿಯ ಕೆಂಗಂದು ಅದೇ ದೀಪಕ್ಕೆ ಕೆಂಡದ ಹಾಗೆ ಎದ್ದು ನಿಂತಿತು. ಅವಳು ಏನೂ ಹೇಳಲಿಲ್ಲ, ಸುಮ್ನೆ ನನ್ನ ಕಡೆ ನೋಡಿದಳು.

ಆದರೆ ಅದಕ್ಕೂ ಒಂದು ಕಾಟ ಇತ್ತು. ಹಾಲ್‌ನಿಂದ ಬೇರೊಂದು ಬಲ್ಬ್ ತಂದು ಹಾಕಿದರೆ ಅದೇ ಬಣ್ಣ ಮಣ್ಣುಮಣ್ಣಾಯಿತು. ಎರಡೂ ಹಳದಿ ಬೆಳಕಿನವೇ. ವ್ಯತ್ಯಾಸ ಸಿಆರ್‌ಐ ಅಂಕದಲ್ಲಿ. ಬಣ್ಣಗಳನ್ನು ಇದ್ದದ್ದು ಇದ್ದ ಹಾಗೆ ತೋರಿಸುವ ಶಕ್ತಿಯ ಅಳತೆ ಅದು. 90ಕ್ಕಿಂತ ಮೇಲಿದ್ದರೆ ಒಳ್ಳೆಯದು. ಅದು ಕಡಿಮೆ ಇರುವ ಎಲ್‌ಇಡಿಗಳಲ್ಲಿ ಮೊದಲು ಸೋಲುವುದು ಗಾಢ ಕೆಂಪೇ. ಹಾಗಾಗಿ ಕೆಂಪು ಬೆರೆತ ಕಡುಬಣ್ಣ ಬಳಿಯುವವರು ಬಣ್ಣಕ್ಕಿಂತ ಮೊದಲು ಬಲ್ಬ್ ನೋಡಿಕೊಳ್ಳಬೇಕು.

ಇನ್ನೊಂದು ಹೊತ್ತು ಇದೆ, ದೀಪ ಆರಿಸಿದ ಮೇಲಿನದು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕೆಂಗಂದು ಪೂರಾ ಕಪ್ಪಾಯಿತು. ದೀಪದಡಿ ಮಸಿಯಾಗಿದ್ದ ನೀಲಿ ಈಗ ಬೂದಾಗಿ ತೇಲುತ್ತಿತ್ತು. ನನಗೆ ಕಣ್ಣಿನ ದೋಷವೇನೋ ಅನ್ನಿಸಿತು. ಅಲ್ಲ. ಯಾನ್ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 1819ರಲ್ಲೇ ಇದನ್ನು ಗಮನಿಸಿದ್ದ. ಹಗಲಲ್ಲಿ ಝಗ್ಗನೆ ಕಾಣುವ ಕೆಂಪು ಹೂವು ಬೆಳಗಿನ ಜಾವ ಎಲೆಗಿಂತ ಕಪ್ಪು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳು ನೀಲಿ-ಹಸಿರಿಗೆ ಬಹಳ ಚುರುಕು, ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಇದು ನನ್ನ ಪಾಲಿಗೆ ಮುಖ್ಯ. ನಾನು ಈ ಕೋಣೆಯಲ್ಲಿ ಎಚ್ಚರವಾಗಿರುವುದೇ ಮಂದ ಬೆಳಕಿನಲ್ಲಿ.

ಹೀಗೆ ನನ್ನದು ದೀಪದಡಿ ಸೋತಿತು, ಅವಳದು ದೀಪ ಆರಿಸಿದ ಮೇಲೆ ಸೋತಿತು. ಪಾಚಿ ಬಾವಿ ಎರಡೂ ಕಡೆ ಪಾಸಾಯಿತು. ದೀಪದಡಿ ಸ್ವಲ್ಪ ಕಂದಿನತ್ತ ವಾಲುತ್ತದೆ, ಕತ್ತಲಲ್ಲಿ ಸ್ವಲ್ಪ ಬೂದಿನತ್ತ. ಎಲ್ಲೂ ಸಾಯುವುದಿಲ್ಲ. ಆರಿಸಿದವಳು ಮಗಳು, ಅವಳಿಗೆ ಇದರ ಯಾವ ಲೆಕ್ಕವೂ ಗೊತ್ತಿರಲಿಲ್ಲ.

ಇನ್ನು ಬಳಿಯುವ ಕೆಲಸ. ಪೇಂಟರ್ ಡಬ್ಬ ತೆರೆದು ನೋಡಿ, "ಸಾರ್, ಇದು ಎರಡು ಕೋಟ್‌ಗೆಲ್ಲ ಮುಚ್ಚಲ್ಲ. ಅಡಿಗೆ ಬೂದು ಪ್ರೈಮರ್ ಹೊಡೀಬೇಕು" ಅಂದರು. ನನಗೆ ಇದು ತಿರುವುಮುರುವಾಗಿ ಕೇಳಿಸಿತು. ಗಾಢ ಬಣ್ಣ ತಾನೇ ಬೇಗ ಮುಚ್ಚಬೇಕು? ವಿಷಯ ಏನೆಂದರೆ, ತಿಳಿಬಣ್ಣಗಳಲ್ಲಿ ಗೋಡೆ ಮುಚ್ಚುವ ಕೆಲಸ ಮಾಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಕಡುಬಣ್ಣ ಬೆರೆಸುವ ಬೇಸ್‌ನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ಹಾಕಿದರೆ ಬಣ್ಣ ಗಾಢವಾಗುವುದೇ ಇಲ್ಲವಲ್ಲ. ಅದಕ್ಕೇ ಕಡುಬಣ್ಣ ಒಂದು ರೀತಿ ಬಣ್ಣದ ಗಾಜಿನ ಹಾಗೆ, ಒಂದರ ಮೇಲೊಂದು ಪದರ ಬಿದ್ದಷ್ಟೂ ಆಳ.

ಮೂರು ಗೋಡೆಗೆ ಬೂದು ಪ್ರೈಮರ್ ಬಿತ್ತು. ನಾಲ್ಕನೆಯದಕ್ಕೆ ಮನೆಯಲ್ಲಿ ಉಳಿದಿದ್ದ ಬಿಳಿ ಪ್ರೈಮರ್ ಇದೆಯಲ್ಲ ಅಂತ ನಾನೇ ಹಟ ಮಾಡಿದೆ. ಬೂದು ಗೋಡೆಗಳು ಮೂರು ಕೋಟ್‌ಗೆ ಮುಗಿದವು, ಬಿಳಿಯದ್ದು ನಾಲ್ಕು ನುಂಗಿತು. ಉಳಿತಾಯ ಅಂದುಕೊಂಡಿದ್ದು ಹಾಗೆ ಹೋಯಿತು.

ಮೊದಲ ಕೋಟ್ ನೋಡಿ ಯಾರೂ ಎದೆಗುಂದಬೇಡಿ. ನಮ್ಮದು ಪಟ್ಟೆಪಟ್ಟೆ, ಅಲ್ಲಲ್ಲಿ ಬೋಳು, ಒಟ್ಟಿನಲ್ಲಿ ಯಾರೋ ಸಿಟ್ಟಿನಲ್ಲಿ ಗೋಡೆ ಒರೆಸಿದ ಹಾಗಿತ್ತು. ಮೇಲಾಗಿ ಎಮಲ್ಶನ್ ಹಸಿಯಿದ್ದಾಗ ಹಾಲು ಬೆರೆತಂತೆ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ಹೆಂಡತಿ ಬಾಗಿಲಲ್ಲಿ ನಿಂತು "ರೀ, ಇದಾ ಆ ಹಸಿರು?" ಅಂದಳು. ಒಣಗುವವರೆಗೆ ಬಾಗಿಲು ಹಾಕಿಬಿಟ್ಟೆ. ಪೇಂಟರ್ ಮಾಡಿದ ಇನ್ನೊಂದು ಒಳ್ಳೆಯ ಕೆಲಸ ಅಂದರೆ, ಎಲ್ಲ ಡಬ್ಬಗಳ ಬಣ್ಣವನ್ನೂ ಒಂದೇ ದೊಡ್ಡ ಬಕೆಟ್‌ಗೆ ಸುರಿದು ಕಲಸಿದ್ದು. ಡಬ್ಬದಿಂದ ಡಬ್ಬಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಕಡುಬಣ್ಣದಲ್ಲಿ ಗೋಡೆಯ ನಡುವೆ ಗೆರೆ ಬೀಳುತ್ತದೆ.

ಎಲ್ಲ ಮುಗಿದ ಮೇಲೆ ಕಪ್ಪು ಅಂದುಕೊಂಡಿದ್ದ ಬಣ್ಣ ಹಸಿರಾಗಿತ್ತು. ಸುತ್ತ ಹೋಲಿಸಲು ಬಿಳಿ ಇರಲಿಲ್ಲವಲ್ಲ, ಕಣ್ಣು ಒಳಗೆ ಇಳಿಯಿತು. ಕೋಣೆ ಚಿಕ್ಕದಾಗಿ ಕಾಣುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಮೂಲೆಗಳೇ ಸರಿಯಾಗಿ ಕಾಣದಿರುವಾಗ ಕೋಣೆ ಎಲ್ಲಿ ಮುಗಿಯುತ್ತದೆ ಅಂತ ಹೇಗೆ ಹೇಳುವುದು? ದೊಡ್ಡದಾಗಿಯೂ ಕಾಣಲಿಲ್ಲ, ಚಿಕ್ಕದಾಗಿಯೂ ಕಾಣಲಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಸೀಲಿಂಗ್. ಎಲ್ಲರಂತೆ ಬಿಳಿ ಬಿಟ್ಟೆ. ಮರುದಿನ ಬೆಳಗ್ಗೆ ಮಲಗಲು ಹೋದರೆ ಗೋಡೆಗಳು ಕತ್ತಲು, ತಲೆ ಮೇಲೆ ಹುಣ್ಣಿಮೆ. ಪರದೆಯ ಕಂಬಿಗೂ ಗೋಡೆಗೂ ನಡುವಿನ ಸಂದಿಯಿಂದ ಬೆಳಕು ನೇರ ಮೇಲಕ್ಕೆ ಹೋಗಿ ಸೀಲಿಂಗ್‌ಗೆ ಹೊಡೆಯುತ್ತಿತ್ತು. ಅಂಗಾತ ಮಲಗುವವನ ಕಣ್ಣಿಗೆ ಕಾಣುವುದು ಗೋಡೆಯಲ್ಲ, ಸೀಲಿಂಗ್. ಇಷ್ಟೆಲ್ಲ ಲೆಕ್ಕ ಹಾಕಿದವನಿಗೆ ಇದು ಹೊಳೆಯಲಿಲ್ಲವಲ್ಲ. ಎರಡು ತಿಂಗಳಾದ ಮೇಲೆ ಸೀಲಿಂಗ್‌ಗೂ ಅದೇ ಹಸಿರು ಬಳಿಸಿದೆ. ಹೆಂಡತಿ ಒಪ್ಪಿದ್ದು ಕಿಟಕಿಯ ಗೋಡೆಯಲ್ಲಿ ಅವಳಿಗೊಂದು ಓದುವ ದೀಪ ಹಾಕಿಸುವ ಷರತ್ತಿನ ಮೇಲೆ. ಸೀಲಿಂಗ್ ಹಸಿರಾದ ಮೇಲೆ ಗೋಡೆ-ಸೀಲಿಂಗ್ ನಡುವಿನ ಗೆರೆ ಮಾಯವಾಯಿತು, ಕೋಣೆ ಎಷ್ಟೋ ಸಮಾಧಾನವಾಗಿ ಕಾಣತೊಡಗಿತು. ಇದನ್ನು ಮೊದಲೇ ಮಾಡಬೇಕಿತ್ತು.

ಈಗ ಆ 2 ಅಂಕದ ವಿಷಯಕ್ಕೆ ಬರುತ್ತೇನೆ. ನಾನು ಆರಿಸಿದ್ದು ಚೂರೂ ಹೊಳಪಿಲ್ಲದ ಮ್ಯಾಟ್ ಫಿನಿಶ್. ಕಾರಣ ಇತ್ತು. ಹೊಳಪಿನ ಬಣ್ಣ ನೋಡಲು ಇನ್ನೂ ಗಾಢ, ಆದರೆ ಗೋಡೆಯಲ್ಲಿ ದೀಪದ ಬಿಂಬ ಕಾಣುತ್ತದೆ, ಪುಟ್ಟಿಯ ಪ್ರತಿ ಉಬ್ಬುತಗ್ಗೂ ಎದ್ದು ಕಾಣುತ್ತದೆ. ಮ್ಯಾಟ್ ಎಲ್ಲವನ್ನೂ ಮುಚ್ಚಿ ಮಖಮಲ್ಲಿನ ಹಾಗೆ ಕೂರುತ್ತದೆ. ಮೊದಲ ತಿಂಗಳು ಬಂದವರೆಲ್ಲ ಗೋಡೆ ಮುಟ್ಟಿ ನೋಡಿದರು. ಮುಟ್ಟಿದ್ದೇ ತಪ್ಪು. ಪ್ರತಿ ಬೆರಳೂ ಉಳಿಯಿತು.

ಬೆರಳಾದರೂ ಪರವಾಗಿಲ್ಲ, ಒರೆಸಬಹುದು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಕಲೆ ಹೋಯಿತು, ಉಜ್ಜಿದ ಜಾಗ ಹೊಳೆಯತೊಡಗಿತು. ಮ್ಯಾಟ್ ಮೇಲೆ ಏನೇ ಸವೆದರೂ ಅದು ಪಾಲಿಶ್ ಆಗುತ್ತದೆ, ತಿಳಿಬಣ್ಣದಲ್ಲಿ ಅದು ಕಾಣುವುದಿಲ್ಲ, ಕಡುಬಣ್ಣದಲ್ಲಿ ಎದ್ದು ಕಾಣುತ್ತದೆ. ಹಾಸಿಗೆಯಲ್ಲಿ ಕೂತು ಗೋಡೆಗೆ ಒರಗುವ ಕಡೆ ನನ್ನ ತಲೆಯ ಅಳತೆಯ ಒಂದು ಮಿರಮಿರ ವೃತ್ತ ಬಿತ್ತು. ಪಕ್ಕದಲ್ಲಿ ಸ್ವಲ್ಪ ಕೆಳಗೆ ಹೆಂಡತಿಯದ್ದು. ಮುಚ್ಚೋಣ ಅಂತ ಉಳಿದ ಬಣ್ಣ ತೆಗೆದು ಬ್ರಷ್‌ನಲ್ಲಿ ಟಚಪ್ ಮಾಡಿದೆ. ಗೋಡೆಗೆ ಬಿದ್ದಿದ್ದು ರೋಲರ್, ನಾನು ಬಳಿದದ್ದು ಬ್ರಷ್, ಎರಡರ ಮೈ ಬೇರೆ. ವೃತ್ತದ ಮೇಲೊಂದು ತೇಪೆ. ಕೊನೆಗೆ ಹಾಸಿಗೆಯ ಹಿಂದಿನ ಗೋಡೆಯನ್ನು ಉಪ್ಪುಕಾಗದದಲ್ಲಿ ಹಗುರವಾಗಿ ತಿಕ್ಕಿ, ಮೂಲೆಯಿಂದ ಮೂಲೆಗೆ ಪೂರ್ತಿ ಹೊಸದಾಗಿ ಬಳಿಸಬೇಕಾಯಿತು. ಈ ಸಲ ಅದೇ ಶೇಡ್, ಫಿನಿಶ್ ಮಾತ್ರ ಒಂದು ಮೆಟ್ಟಿಲು ಮೇಲೆ, ಮೊಟ್ಟೆಯ ಚಿಪ್ಪಿನಷ್ಟು ಹೊಳಪು. ಅಂಗಡಿಯವರು ಕಡುಬಣ್ಣದ ಮ್ಯಾಟ್ ಮಾರುವಾಗ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೇ 2.

ಇನ್ನೊಂದು ದಿನ ಸ್ನಾನದ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಅಂಟಂಟಾದ ಬಿಳಿ ಗೆರೆಗಳು ಇಳಿದಿದ್ದವು. ಬಸವನಹುಳು ಹರಿದ ದಾರಿಯ ಹಾಗೆ. ಗಾಬರಿಯಾಯಿತು, ಆದರೆ ಇದು ಕೆಡುಕೇನಲ್ಲ. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲು ಹಬೆ ತಾಗಿದರೆ ಒಳಗಿನ ಸೋಪಿನಂಥ ಅಂಶ ಹೊರಗೆ ಬರುತ್ತದೆ. ಕಡುಬಣ್ಣದಲ್ಲಿ ಬೆರೆಸುವ ಬಣ್ಣದ ದ್ರವವೇ ಜಾಸ್ತಿ ಇರುವುದರಿಂದ ಇದೂ ಜಾಸ್ತಿ. ನೀರಲ್ಲಿ ಒರೆಸಿದೆ, ಹೋಯಿತು. ಬಳಿದ ಮೇಲೆ ಮೂರು ನಾಲ್ಕು ವಾರ ಗೋಡೆಯನ್ನು ಅದರ ಪಾಡಿಗೆ ಬಿಡಿ.

ಸಣ್ಣಪುಟ್ಟ ದೂರುಗಳು ಇವೆ. ಗೋಡೆ ಮೇಲಿನ ಸೊಳ್ಳೆ ಕಾಣುವುದಿಲ್ಲ, ಹಗೆ ತೀರಿಸಿಕೊಳ್ಳುವ ದಾರಿಯೇ ಇಲ್ಲ. ಧೂಳು ಮಾತ್ರ ಚೆನ್ನಾಗಿ ಕಾಣುತ್ತದೆ. ಕಪ್ಪು ಕಾಲುಚೀಲ, ಫೋನಿನ ಚಾರ್ಜರ್, ಬೆಕ್ಕು, ಎಲ್ಲವೂ ಮಾಯ. ಬಿಳಿ ಸ್ವಿಚ್‌ಬೋರ್ಡ್ ಕತ್ತಲಲ್ಲಿ ಹಲ್ಲು ಕಿರಿದು ನಗುತ್ತದೆ. ಮುಂದೆ ಬೇಸರವಾಗಿ ಬಿಳಿಗೆ ವಾಪಸ್ ಹೋಗಬೇಕಾದರೆ ಮತ್ತೆ ಪ್ರೈಮರ್, ಮತ್ತೆ ಕೋಟ್ ಮೇಲೆ ಕೋಟ್. ಬಾಡಿಗೆ ಮನೆಯವರು ಇದೊಂದನ್ನು ಲೆಕ್ಕಕ್ಕೆ ಹಿಡಿಯಿರಿ.

ನಿದ್ದೆ? ಬಿಳಿ ಗೋಡೆ ಇದ್ದಾಗ ನಾನು ಹನ್ನೊಂದಕ್ಕೆಲ್ಲ ಎದ್ದು ಕೂರುತ್ತಿದ್ದೆ. ಈಗ ಒಂದೂವರೆಯವರೆಗೆ ಮಲಗುತ್ತೇನೆ. ಅದರಲ್ಲಿ ಗೋಡೆಯ ಪಾಲೆಷ್ಟು, ಪರದೆಯದ್ದೆಷ್ಟು ಅಂತ ಬಿಡಿಸಿ ಹೇಳಲಾರೆ. ಸೀಲಿಂಗ್ ಹಸಿರಾದ ವಾರದಿಂದ ಬದಲಾದದ್ದಂತೂ ಹೌದು.

ನನಗೂ ಹೆಂಡತಿಗೂ ಈ ಕೋಣೆಯಲ್ಲಿ ಒಟ್ಟಿಗೆ ಸಿಗುವುದು ಬೆಳಗ್ಗೆ ಹತ್ತು ನಿಮಿಷ. ನಾನು ಶೂ ಬಿಚ್ಚುತ್ತಿರುತ್ತೇನೆ, ಅವಳು ತಲೆ ಬಾಚಿಕೊಳ್ಳುತ್ತಿರುತ್ತಾಳೆ. ಪರದೆ ಅರ್ಧ ಸರಿದಿರುತ್ತದೆ, ಹೊರಗೆ ಇನ್ನೂ ಬಿಸಿಲು ಬಿದ್ದಿರುವುದಿಲ್ಲ. ಇಡೀ ದಿನದಲ್ಲಿ ಆ ಗೋಡೆ ಅತಿ ಹೆಚ್ಚು ಹಸಿರಾಗಿರುವುದು ಆ ಹೊತ್ತಿನಲ್ಲಿ. ಮೊನ್ನೆ ಕನ್ನಡಕ ಹುಡುಕುತ್ತಾ ಸ್ವಿಚ್‌ಗೆ ಕೈ ಹಾಕಿದೆ. "ಲೈಟ್ ಹಾಕಬೇಡಿ, ಕನ್ನಡಕ ನಿಮ್ಮ ತಲೆ ಮೇಲೇ ಇದೆ" ಅಂದಳು.